ಅಪೊಸ್ತಲರ ಪತ್ರಗಳು: ಯಾವ ಮಾತು ಅವರಿಗೆ, ಯಾವುದು ನಮಗೆ?

ಪ್ರಶ್ನೆ: ನಾನು ಕೆಲವು ವರ್ಷಗಳಿಂದ ಒಂದು ಸತ್ಯವೇದ ಅಧ್ಯಯನ ಗುಂಪಿಗೆ ಹೋಗುತ್ತಿದ್ದೇನೆ. ಸರದಿಯ ಮೇಲೆ ಒಬ್ಬೊಬ್ಬರು ಒಂದು ಭಾಗ ಓದಿ, ತಿಳಿದದ್ದನ್ನು ವಿವರಿಸುತ್ತೇವೆ. ನಾನೂ ವಿವರಿಸುತ್ತಿದ್ದೆ. ಈಚೆಗೆ ಹೊಸದಾಗಿ ಬಂದ ಹಿರಿಯರೊಬ್ಬರು, ಕ್ರಿಸ್ತನ ಸುವಾರ್ತೆ ಸಾರಿದ ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 14ನೇ ಅಧ್ಯಾಯ, 34ನೇ ವಚನ ತೆಗೆದು ತೋರಿಸಿದರು. "ಸ್ತ್ರೀಯರು ಸಭೆಯಲ್ಲಿ ಸುಮ್ಮನಿರಬೇಕು ಅಂತ ಬರೆದಿದೆ. ನೀವು ಕೇಳಿಸಿಕೊಂಡರೆ ಸಾಕು" ಅಂದರು. ಯಾರೂ ಎದುರಾಡಲಿಲ್ಲ. ಅವತ್ತಿನಿಂದ ನಾನು ಬಾಯಿ ತೆರೆದಿಲ್ಲ. ಮನೆಯಲ್ಲಿ ಮಗಳು, "ಅಮ್ಮಾ, ಅದು ಎರಡು ಸಾವಿರ ವರ್ಷದ ಹಿಂದಿನ ಕಾಗದ, ಬಿಟ್ಟಾಕು" ಅಂತಾಳೆ. ಅದೂ ನನಗೆ ಒಪ್ಪಿಗೆಯಿಲ್ಲ. ಅದೇ ಪತ್ರದ 13ನೇ ಅಧ್ಯಾಯ, ಪ್ರೀತಿಯ ಬಗ್ಗೆ ಬರೆದದ್ದು, ನನ್ನ ಕಷ್ಟದ ದಿನಗಳಲ್ಲಿ ಕೈ ಹಿಡಿದಿತ್ತು. 14 ಆ ಕಾಲದ್ದು ಅಂದರೆ 13 ಕೂಡ ಆ ಕಾಲದ್ದೇ ಅಲ್ವಾ? ಗೆರೆ ಎಲ್ಲಿ ಎಳೆಯೋದು, ಯಾರು ಎಳೆಯೋದು? ಕೆಲವು ಪತ್ರಗಳನ್ನು ಪೌಲನೇ ಬರೆದಿಲ್ಲ ಅಂತಲೂ ಹೇಳುತ್ತಾರೆ. ಅದು ನಿಜವಾ?

ಉತ್ತರ: ನೀವು ಕೇಳಿರುವುದು ಮೇಲ್ನೋಟಕ್ಕೆ ಒಂದು ವಚನದ ಬಗ್ಗೆ. ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಬೇರೆ ಅನಿಸುತ್ತದೆ. ಒಂದು ಮಾತನ್ನು "ಆ ಕಾಲದ್ದು" ಅಂದುಬಿಟ್ಟರೆ ಮಿಕ್ಕದ್ದೆಲ್ಲ ಕೈಜಾರಿ ಹೋಗುತ್ತದೆಯೇ ಎಂಬ ಭಯ. ಸತ್ಯವೇದದ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಪಾಠ ಹೇಳುವ ನನಗೆ ಈ ಭಯದ ಪರಿಚಯ ಚೆನ್ನಾಗಿ ಇದೆ. ವಿದ್ಯಾರ್ಥಿಗಳು ಇದನ್ನು ಪಾಠದ ನಡುವೆ ಕೇಳುವುದು ಕಡಿಮೆ. ಎಲ್ಲರೂ ಹೊರಟ ಮೇಲೆ ಹಿಂದೆ ಉಳಿದು, ದನಿ ತಗ್ಗಿಸಿ ಕೇಳುತ್ತಾರೆ. ತಮ್ಮ ನಂಬಿಕೆ ಕಮ್ಮಿ ಅಂದುಕೊಂಡಾರು ಎಂಬ ಅಳುಕು. ಅಂಥ ಅಳುಕು ನಿಮಗೆ ಬೇಡ. ಪತ್ರವನ್ನು ಮನಸ್ಸಿಟ್ಟು ಓದಿದವರಿಗೆ ಮಾತ್ರ ಹುಟ್ಟುವ ಪ್ರಶ್ನೆ ಇದು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಹುಡುಕುತ್ತಿರುವ ಗೆರೆ 13ಕ್ಕೂ 14ಕ್ಕೂ ನಡುವೆ ಇಲ್ಲ. ಎರಡೂ ಆ ಕಾಲದವೇ, ಆ ಊರಿನವೇ. ಇಡೀ ಪತ್ರವೇ ಒಂದು ಊರಿನ ಜನರಿಗೆ, ಅವರ ತೊಂದರೆಗಳನ್ನು ಕುರಿತು ಬರೆದದ್ದು. ಅದರಿಂದ ಅದರ ಬೆಲೆ ತಗ್ಗುವುದಿಲ್ಲ. ಆ ತೊಂದರೆ ಏನಿತ್ತು, ಪೌಲ ಅಲ್ಲಿ ಏನನ್ನು ಕಾಪಾಡಲು ಹೊರಟಿದ್ದ ಎಂದು ತಿಳಿದಾಗಲೇ ಅದು ನಮ್ಮ ಜೊತೆಗೂ ಮಾತಾಡಲು ಶುರುಮಾಡುತ್ತದೆ.

ಈ ಪತ್ರ ಹುಟ್ಟಿದ ಬಗೆ ನೋಡಿ. ಗ್ರೀಸಿನ ಹಳೆಯ ಕೊರಿಂಥ ಪಟ್ಟಣವನ್ನು ರೋಮನ್ನರು ಕ್ರಿ.ಪೂ. 146ರಲ್ಲಿ ಹಾಳುಗೆಡವಿದ್ದರು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಅದನ್ನು ರೋಮನ್ ವಸಾಹತಾಗಿ ಮತ್ತೆ ಎಬ್ಬಿಸಿದ. ಬಿಡುಗಡೆ ಪಡೆದ ಗುಲಾಮರು ದೊಡ್ಡ ಸಂಖ್ಯೆಯಲ್ಲಿ ಅಲ್ಲಿ ನೆಲೆಸಿದರು. ಎರಡು ಕಡೆ ಬಂದರು, ನಡುವೆ ವ್ಯಾಪಾರ, ಕೈಗೆ ಹೊಸ ಹಣ. ಹುಟ್ಟಿನಿಂದ ಸಿಗದ ಮರ್ಯಾದೆಯನ್ನು ಹಣದಿಂದಲೋ ಮಾತುಗಾರಿಕೆಯಿಂದಲೋ ಗಳಿಸಬೇಕೆಂಬ ಪೈಪೋಟಿ ಜೋರಾಗಿದ್ದ ಊರು. ಪೌಲ ಅಲ್ಲಿ ಒಂದೂವರೆ ವರ್ಷ ಇದ್ದ. ಆಗ ಗಲ್ಲಿಯೋನ ಎಂಬವನು ಆ ಪ್ರಾಂತ್ಯದ ಅಧಿಪತಿಯಾಗಿದ್ದ ಎಂದು ಅಪೊಸ್ತಲರ ಕೃತ್ಯಗಳ ಪುಸ್ತಕ ಹೇಳುತ್ತದೆ. ಡೆಲ್ಫಿಯಲ್ಲಿ ಸಿಕ್ಕ ಒಂದು ಕಲ್ಲಿನ ಶಾಸನದಲ್ಲಿ ಅದೇ ಗಲ್ಲಿಯೋನನ ಹೆಸರಿದೆ. ಅದರ ಆಧಾರದಿಂದ ಪೌಲ ಅಲ್ಲಿದ್ದದ್ದು ಕ್ರಿ.ಶ. 51ರ ಆಸುಪಾಸು ಎಂದು ಲೆಕ್ಕ ಹಾಕುತ್ತಾರೆ. ಆಮೇಲೆ ಎರಡು ಮೂರು ವರ್ಷದಲ್ಲಿ, ಎಫೆಸ ಪಟ್ಟಣದಲ್ಲಿ ಕುಳಿತು ಅವನು ಈ ಪತ್ರ ಬರೆಸಿದ.

ಸುಮ್ನೆ ಕೂತು ಬರೆಸಿದ್ದಲ್ಲ. ಖ್ಲೋಯೆ ಎಂಬಾಕೆಯ ಮನೆಯವರು ಬಂದು, ಸಭೆಯಲ್ಲಿ ಜಗಳ ಹತ್ತಿದೆ ಎಂದು ಸುದ್ದಿ ಹೇಳಿದ್ದರು (1:11, ಅಂದರೆ 1ನೇ ಅಧ್ಯಾಯ, 11ನೇ ವಚನ). ಸಭೆಯವರೂ ತಮ್ಮ ಪ್ರಶ್ನೆಗಳನ್ನು ಬರೆದು ಕಳಿಸಿದ್ದರು. ಅದಕ್ಕೇ 7ನೇ ಅಧ್ಯಾಯ "ನೀವು ಬರೆದ ವಿಷಯಗಳ ಬಗ್ಗೆ" ಎಂದು ಶುರುವಾಗುತ್ತದೆ. 5:9ರಲ್ಲಿ ಇನ್ನೊಂದು ಸುಳಿವಿದೆ. ಇದಕ್ಕೂ ಮೊದಲು ಅವನು ಅವರಿಗೆ ಒಂದು ಪತ್ರ ಬರೆದಿದ್ದ. ಅಂದರೆ ನಾವು "ಮೊದಲನೆಯ ಪತ್ರ" ಅನ್ನುವುದು ನಿಜಕ್ಕೂ ಮೊದಲನೆಯದಲ್ಲ. ಆ ಹಳೆಯ ಪತ್ರ ನಮಗೆ ಸಿಕ್ಕಿಲ್ಲ. ಅವರು ಕಳಿಸಿದ ಪ್ರಶ್ನೆಗಳೂ ಸಿಕ್ಕಿಲ್ಲ. ನಮ್ಮ ಕೈಲಿರುವುದು ಉತ್ತರ ಮಾತ್ರ. ಉತ್ತರ ಓದಿ ಪ್ರಶ್ನೆ ಊಹಿಸುವುದೇ ಪತ್ರಗಳ ಓದಿನ ಅರ್ಧ ಕೆಲಸ. ಅದನ್ನು ಬಿಟ್ಟು ಉತ್ತರದ ಒಂದು ಸಾಲನ್ನು ಮಾತ್ರ ಹಿಡಿದರೆ ಎಡವುವುದು ಗ್ಯಾರಂಟಿ.

ಒಂದು ಸಾಲನ್ನು ಬೇರೆ ಮಾಡುವ ಅಭ್ಯಾಸ ನಮಗೆ ಹತ್ತಿದ್ದಕ್ಕೆ ಒಂದು ಸರಳ ಕಾರಣವೂ ಇದೆ. ಪೌಲನ ಪತ್ರದಲ್ಲಿ ಅಧ್ಯಾಯ, ವಚನ ಎಂಬುದೇ ಇರಲಿಲ್ಲ. ಈಗಿರುವ ಅಧ್ಯಾಯಗಳು 13ನೇ ಶತಮಾನದ ಆರಂಭದಲ್ಲಿ ಬಂದವು. ಹೊಸ ಒಡಂಬಡಿಕೆಯ ವಚನ ಸಂಖ್ಯೆಗಳನ್ನು ಹಾಕಿದ್ದು ರಾಬರ್ಟ್ ಎಸ್ತಿಯನ್ ಎಂಬ ಮುದ್ರಕ, 1551ರಲ್ಲಿ. ಹುಡುಕಲು ತುಂಬಾ ಅನುಕೂಲ. ಆದರೆ ಸಂಖ್ಯೆ ಬಿದ್ದ ಕೂಡಲೇ ಪ್ರತಿ ಸಾಲೂ ಕಾನೂನಿನ ಒಂದೊಂದು ಕಲಮಿನ ಹಾಗೆ ಕಾಣತೊಡಗುತ್ತದೆ. ಮೊದಲ ಕೇಳುಗರಿಗೆ ಹಾಗೆ ಕಂಡಿರಲು ಸಾಧ್ಯವೇ ಇಲ್ಲ. ಯಾರದೋ ಮನೆಯಲ್ಲಿ ಸೇರಿದ್ದ ಅವರು ಇದನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸಿ ಕೇಳಿದರು.

ಈಗ ನಿಮ್ಮ ವಚನಕ್ಕೆ ಬರೋಣ. 34ನ್ನು ಪಕ್ಕಕ್ಕಿಟ್ಟು 26ರಿಂದ 40ರವರೆಗೆ ಒಂದೇ ಉಸಿರಿಗೆ ಓದಿ. ಆ ಸಭೆಯ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಒಬ್ಬನಿಗೆ ಹಾಡು ಹೇಳಬೇಕು, ಇನ್ನೊಬ್ಬನಿಗೆ ಉಪದೇಶ ಮಾಡಬೇಕು, ಮತ್ತೊಬ್ಬ ಅನ್ಯಭಾಷೆಯಲ್ಲಿ, ಅಂದರೆ ಆತ್ಮದ ಪ್ರೇರಣೆಯಿಂದ ಬರುವ, ಕೇಳುವವರಿಗೆ ತಿಳಿಯದ ಮಾತಿನಲ್ಲಿ ಶುರುಹಚ್ಚಿಕೊಂಡಿದ್ದಾನೆ, ಅತ್ತ ಮತ್ತೊಬ್ಬ ಪ್ರವಾದಿಸುತ್ತಿದ್ದಾನೆ, ಅಂದರೆ ದೇವರು ತಿಳಿಸಿದ ಮಾತು ಎಂದು ಹೇಳುತ್ತಿದ್ದಾನೆ. ಎಲ್ಲರೂ ಒಟ್ಟಿಗೆ. ಯಾರ ಮಾತೂ ಯಾರಿಗೂ ಕೇಳುತ್ತಿಲ್ಲ. ಇದನ್ನು ಸರಿಮಾಡಲು ಪೌಲ ಮೂರು ಗುಂಪಿಗೆ ಸುಮ್ಮನಿರಿ ಅನ್ನುತ್ತಾನೆ. ಅನ್ಯಭಾಷೆಯಲ್ಲಿ ಮಾತಾಡುವವನು, ಅರ್ಥ ಹೇಳುವವರು ಇಲ್ಲದಿದ್ದರೆ ಸುಮ್ಮನಿರಲಿ (28). ಪ್ರವಾದಿಸುತ್ತಿರುವವನು, ಪಕ್ಕದಲ್ಲಿ ಕೂತವನಿಗೆ ಏನಾದರೂ ಪ್ರಕಟವಾದರೆ ಸುಮ್ಮನಾಗಲಿ (30). ಸ್ತ್ರೀಯರು ಸುಮ್ಮನಿರಲಿ (34). ಗ್ರೀಕಿನಲ್ಲಿ ಮೂರೂ ಕಡೆ ಒಂದೇ ಕ್ರಿಯಾಪದ. ಮೊದಲ ಎರಡನ್ನು ಯಾರೂ ಜೀವನಪೂರ್ತಿ ಬಾಯಿಮುಚ್ಚಿಸುವ ಆಜ್ಞೆ ಎಂದು ಓದುವುದಿಲ್ಲ. ಅನ್ಯಭಾಷೆಯವನಿಗೆ ಅರ್ಥ ಹೇಳುವವರು ಸಿಕ್ಕರೆ ಅವನು ಮಾತಾಡಬಹುದು. ಪ್ರವಾದಿಗೆ ಮತ್ತೆ ಸರದಿ ಬರುತ್ತದೆ. ಮೂರನೆಯದನ್ನು ಮಾತ್ರ ಎಲ್ಲ ಕಾಲಕ್ಕೂ ಎಲ್ಲ ಸ್ತ್ರೀಯರಿಗೂ ಎಂದು ಓದುವುದೇಕೆ?

ಇನ್ನೂ ಗಟ್ಟಿಯಾದ ಕಾರಣ ಮೂರು ಅಧ್ಯಾಯ ಹಿಂದೆ ಇದೆ. 11:5ರಲ್ಲಿ ಪೌಲ, ಪ್ರಾರ್ಥನೆ ಮಾಡುವ ಮತ್ತು ಪ್ರವಾದಿಸುವ ಸ್ತ್ರೀ ತಲೆಯನ್ನು ಹೇಗೆ ಇಟ್ಟುಕೊಳ್ಳಬೇಕು ಎಂದು ಹೇಳುತ್ತಾನೆ. ಪ್ರವಾದಿಸಬೇಡ ಅನ್ನುವುದಿಲ್ಲ. ಪ್ರವಾದಿಸುತ್ತಾಳೆ ಎಂಬುದನ್ನು ಒಪ್ಪಿಕೊಂಡೇ ಮಾತು ಶುರುಮಾಡುತ್ತಾನೆ. ಪ್ರವಾದನೆ ಏಕೆ ಎಂದರೆ ಸಭೆಯ ಭಕ್ತಿವೃದ್ಧಿಗೆ ಎಂದು 14:4ರಲ್ಲಿ ಅವನೇ ಹೇಳುತ್ತಾನೆ. ಒಂದೇ ಪತ್ರದಲ್ಲಿ, ಒಂದೇ ಜನಕ್ಕೆ, ಒಂದು ಕಡೆ ಹೀಗೆ ಮಾತಾಡಿ ಎಂದು ಹೇಳಿ ಇನ್ನೊಂದು ಕಡೆ ಮಾತೇ ಆಡಬೇಡಿ ಅನ್ನಲು ಆಗುತ್ತದಾ? 11ನೇ ಅಧ್ಯಾಯ ಮನೆಯೊಳಗಿನ ಪ್ರಾರ್ಥನೆಗೆ, 14 ಸಭೆಗೆ ಎಂದು ಕೆಲವರು ಬಿಡಿಸುತ್ತಾರೆ. ಆದರೆ ಆಗ ಸಭೆ ಸೇರುತ್ತಿದ್ದದ್ದೇ ಮನೆಗಳಲ್ಲಿ (16:19). ಹಾಗಾಗಿ ಆ ಬಿಡಿಸುವಿಕೆ ನನಗೆ ಒಪ್ಪಿಗೆಯಾಗಿಲ್ಲ.

ಹಾಗಾದರೆ 34 ಮತ್ತು 35 ಹೇಳುತ್ತಿರುವುದೇನು? ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಎರಡೂ ವಚನಗಳನ್ನು ಯಾರೋ ಆಮೇಲೆ ಅಂಚಿನಲ್ಲಿ ಬರೆದರು, ನಕಲು ಮಾಡುವಾಗ ಅದು ಪತ್ರದ ಒಳಗೆ ಸೇರಿತು ಎಂದು ಒಂದು ಗುಂಪು ಹೇಳುತ್ತದೆ. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಈ ಎರಡು ವಚನ ಇಲ್ಲಿರದೆ 40ನೇ ವಚನದ ನಂತರ ಬರುತ್ತವೆ. ಒಂದು ಭಾಗ ಹೀಗೆ ಜಾಗ ಬದಲಿಸಿದರೆ ಅನುಮಾನ ಬರುವುದು ಸಹಜ. ಆದರೆ ಈ ವಚನಗಳು ಪೂರ್ತಿ ಇಲ್ಲದ ಹಸ್ತಪ್ರತಿ ಒಂದೂ ಸಿಕ್ಕಿಲ್ಲ. ಸುಮಾರು ಕ್ರಿ.ಶ. 200ರ ಪಪೈರಸ್ ಪ್ರತಿಯಲ್ಲೂ ಇವು ಇವೆ. ಈ ದಾರಿ ಹಿಡಿದರೆ ಒಂದು ಅಪಾಯ ಉಂಟು. ಇಷ್ಟವಾಗದ್ದನ್ನೆಲ್ಲ "ಆಮೇಲೆ ಸೇರಿದ್ದು" ಅನ್ನುವ ಚಾಳಿ ಹತ್ತುತ್ತದೆ. ಇನ್ನೊಂದು ಗುಂಪಿನ ಪ್ರಕಾರ ಇದು ಕೊರಿಂಥದವರ ಮಾತು. ಪೌಲ ಅದನ್ನು ಎತ್ತಿ ಹೇಳಿ 36ರಲ್ಲಿ ಗದರುತ್ತಾನೆ. ಈ ಪತ್ರದಲ್ಲಿ ಅವನು ಅವರ ಮಾತುಗಳನ್ನು ಎತ್ತಿ ಹೇಳುವುದು ನಿಜ. 6:12ರ "ಎಲ್ಲವನ್ನೂ ಮಾಡಲು ನನಗೆ ಅಧಿಕಾರವುಂಟು" ಎಂಬುದು ಅಂಥದ್ದೇ ಇರಬೇಕು. ಆದರೆ ಅವು ಚಿಕ್ಕ ಚಿಕ್ಕ ಮಾತುಗಳು. ಇಷ್ಟು ಉದ್ದದ್ದು ಬೇರೆಲ್ಲೂ ಇಲ್ಲ.

ನನಗೆ ಹೆಚ್ಚು ಸರಿ ಅನಿಸುವುದು ಮೂರನೆಯದು. 29ನೇ ವಚನದಲ್ಲಿ, ಒಬ್ಬರು ಪ್ರವಾದಿಸಿದ್ದನ್ನು ಮಿಕ್ಕವರು ತೂಗಿನೋಡಲಿ ಎಂದಿದ್ದಾನೆ. ಆ ಹೊತ್ತಿನಲ್ಲಿ ನಡುನಡುವೆ ಪ್ರಶ್ನೆ ಎಸೆಯುವುದು ನಡೆದಿತ್ತು ಅನಿಸುತ್ತದೆ. 35ರಲ್ಲಿ "ಏನಾದರೂ ತಿಳಿದುಕೊಳ್ಳಬೇಕಿದ್ದರೆ ಮನೆಯಲ್ಲಿ ಗಂಡಂದಿರನ್ನು ಕೇಳಲಿ" ಅನ್ನುವುದು ಈ ದಿಕ್ಕನ್ನೇ ತೋರಿಸುತ್ತದೆ. ತಿಳಿದದ್ದನ್ನು ಹೇಳುವವರಿಗೆ ಯಾರೂ ಮನೆಗೆ ಹೋಗಿ ಕೇಳಿ ಅನ್ನುವುದಿಲ್ಲ. ತಿಳಿಯದೆ ನಡುವೆ ಕೇಳುವವರಿಗೆ ಅನ್ನುತ್ತಾರೆ. ಆ ಕಾಲದಲ್ಲಿ ಹೆಂಗಸರಿಗೆ ಓದು ಕಲಿಯುವ ಅವಕಾಶ ಗಂಡಸರಿಗಿಂತ ಕಮ್ಮಿ ಇತ್ತು ಎಂಬುದನ್ನೂ ನೆನಪಿಡಿ. ಈ ಓದಿನಲ್ಲೂ ಒಂದು ಮುಳ್ಳು ಉಳಿಯುತ್ತದೆ. ಸಭೆಯಲ್ಲಿ ಮಾತಾಡುವುದು ಸ್ತ್ರೀಗೆ ಮಾನಭಂಗ ಎಂಬ ಕೊನೆಯ ಸಾಲು ಬಿರುಸಾಗಿಯೇ ಇದೆ. ಅದನ್ನು ನಯಮಾಡಿ ತೋರಿಸಲು ನಾನು ಹೋಗುವುದಿಲ್ಲ. ಅದು ಅಂದಿನ ಪಟ್ಟಣಗಳ ಮಾನ ಅವಮಾನದ ಲೆಕ್ಕ. ಹೊರಗಿನವನು ಒಳಗೆ ಬಂದರೆ ನಿಮಗೆ ಹುಚ್ಚು ಹಿಡಿದಿದೆ ಅನ್ನಲಿಕ್ಕಿಲ್ಲವೇ ಎಂದು 23ರಲ್ಲಿ ಪೌಲ ಕೇಳುತ್ತಾನಲ್ಲ, ಅದೇ ಚಿಂತೆ ಇಲ್ಲಿಯೂ ಇದೆ.

ಈಗ 13ನೇ ಅಧ್ಯಾಯ. ಮದುವೆಗಳಲ್ಲಿ ಓದಿ ಓದಿ ಅದು ಎಲ್ಲಿಂದಲೋ ಉದುರಿದ ಕವಿತೆ ಅನಿಸಿಬಿಟ್ಟಿದೆ. ಹಾಗಲ್ಲ. 12ರಲ್ಲಿ ಅನ್ಯಭಾಷೆ, ಪ್ರವಾದನೆಯಂಥ ವರಗಳ ಬಗ್ಗೆ ಜಗಳ, 14ರಲ್ಲಿ ಮತ್ತೆ ಅದೇ ಜಗಳ. 13 ಆ ಎರಡರ ನಡುವೆ ನಿಂತಿದೆ. ಪ್ರೀತಿ ಹೊಟ್ಟೆಕಿಚ್ಚು ಪಡುವುದಿಲ್ಲ ಅನ್ನುತ್ತಾನೆ. 3:3ರಲ್ಲಿ ನಿಮ್ಮಲ್ಲಿ ಹೊಟ್ಟೆಕಿಚ್ಚು ಇದೆ ಎಂದು ಅವರನ್ನೇ ಬೈದಿದ್ದ. ಪ್ರೀತಿ ಉಬ್ಬಿಕೊಳ್ಳುವುದಿಲ್ಲ ಅನ್ನುತ್ತಾನೆ. 4 ಮತ್ತು 5ನೇ ಅಧ್ಯಾಯಗಳಲ್ಲಿ ನೀವು ಉಬ್ಬಿಕೊಂಡಿದ್ದೀರಿ ಎಂದು ಮತ್ತೆ ಮತ್ತೆ ಹೇಳಿದ್ದ. ಪ್ರೀತಿ ಏನಲ್ಲ ಎಂಬ ಪಟ್ಟಿಯನ್ನು ಓದುತ್ತಾ ಹೋದರೆ ಅದು ಕೊರಿಂಥದವರ ತಪ್ಪುಗಳ ಪಟ್ಟಿಯೇ. ಕೇಳುತ್ತಾ ಕೂತಿದ್ದವರ ಮುಖ ಕೆಂಪಾಗಿರಬೇಕು. ಅಂದರೆ ನಿಮ್ಮ ಕೈ ಹಿಡಿದ ಅಧ್ಯಾಯವೂ ಅಪ್ಪಟ ಆ ಊರಿನದ್ದೇ. ಹಾಗಿದ್ದೂ ಅದು ನಿಮ್ಮನ್ನು ಮುಟ್ಟಿತು. ಆದ್ದರಿಂದ 14 ಅಂದಿನ ಸಭೆಗೆ ಹೇಳಿದ್ದು ಎಂದು ಒಪ್ಪಿದರೆ 13 ಕೈಬಿಟ್ಟು ಹೋಗುತ್ತದೆ ಎಂಬ ಭಯ ಬೇಡ. ಎರಡಕ್ಕೂ ಕೇಳುವ ಪ್ರಶ್ನೆ ಒಂದೇ: ಅಲ್ಲಿ ಏನು ಕೆಟ್ಟಿತ್ತು, ಪೌಲ ಏನನ್ನು ಉಳಿಸಲು ನೋಡಿದ? 14ರಲ್ಲಿ ಅವನು ಉಳಿಸಲು ನೋಡಿದ್ದು ಎಲ್ಲರೂ ಕಲಿಯುವ, ಎಲ್ಲರಿಗೂ ಧೈರ್ಯ ಸಿಗುವ ಸಭೆಯನ್ನು. ಅದನ್ನು 31ನೇ ವಚನದಲ್ಲಿ ಬಿಡಿಸಿ ಹೇಳಿದ್ದಾನೆ.

ಅಷ್ಟಕ್ಕೂ ಎಲ್ಲರೂ ಈಗಾಗಲೇ ಒಂದಲ್ಲ ಒಂದು ಗೆರೆ ಎಳೆದಿದ್ದಾರೆ. ಪವಿತ್ರವಾದ ಮುದ್ದಿಟ್ಟು ಒಬ್ಬರನ್ನೊಬ್ಬರು ವಂದಿಸಿರಿ ಎಂಬ ಆಜ್ಞೆ ಪೌಲನ ನಾಲ್ಕು ಪತ್ರಗಳಲ್ಲಿದೆ. ಬಹುತೇಕ ಸಭೆಗಳು ಅದನ್ನು ಅಕ್ಷರಶಃ ಪಾಲಿಸುವುದಿಲ್ಲ. ಬರೀ ನೀರು ಕುಡಿಯಬೇಡ, ಹೊಟ್ಟೆಗಾಗಿ ಸ್ವಲ್ಪ ದ್ರಾಕ್ಷಾರಸ ತಗೋ ಎಂದು ಪೌಲನ ಜೊತೆಗಾರ ತಿಮೊಥೆಯನಿಗೆ ಹೇಳಿದ್ದನ್ನು ಯಾರೂ ಎಲ್ಲರಿಗೂ ಅನ್ವಯಿಸುವುದಿಲ್ಲ. ನಿಮ್ಮ ಗುಂಪಿನ ಹಿರಿಯರೂ ಅನ್ವಯಿಸಲಿಕ್ಕಿಲ್ಲ. ಅವರದು ಕೆಟ್ಟ ಉದ್ದೇಶ ಎಂದು ನಾನು ಹೇಳುತ್ತಿಲ್ಲ. ವಾಕ್ಯಕ್ಕೆ ವಿಧೇಯರಾಗಬೇಕೆಂಬ ಆಸೆ ಅವರಿಗೆ ನಿಜವಾಗಿಯೂ ಇರಬಹುದು. ಆದರೆ ಗೆರೆ ಎಳೆದವರು ನಾನು ಎಳೆದೇ ಇಲ್ಲ ಅಂದುಕೊಂಡಾಗ ಮಾತು ಮುಂದುವರಿಯುವುದಿಲ್ಲ.

ಪೌಲ ಸ್ತ್ರೀಯರೊಂದಿಗೆ ಹೇಗೆ ನಡೆದುಕೊಂಡ ಎಂಬುದು ಅವನ ಮಾತಿನಷ್ಟೇ ಮುಖ್ಯ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ಬರೀ ಹೆಸರುಗಳು ಎಂದು ಜನ ಹಾರಿಸಿಬಿಡುತ್ತಾರೆ. ದಯವಿಟ್ಟು ಹಾರಿಸಬೇಡಿ. ಮೊದಲ ಹೆಸರು ಫೊಯಿಬೆ, ಕೆಂಖ್ರೆಯ ಸಭೆಯ ಸೇವಕಿ. ಕೆಂಖ್ರೆ ಕೊರಿಂಥದ್ದೇ ಒಂದು ಬಂದರು. ರೋಮಿಗೆ ಆ ಪತ್ರವನ್ನು ಒಯ್ದವಳು ಈಕೆಯೇ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಆಮೇಲೆ ಪ್ರಿಸ್ಕ ಮತ್ತು ಅಕ್ವಿಲ. ಇಲ್ಲಿ ಹೆಂಡತಿಯ ಹೆಸರು ಮೊದಲು. ಇವರಿಬ್ಬರೂ ಸೇರಿ ಅಪೊಲ್ಲೋಸ ಎಂಬ ಒಳ್ಳೆಯ ಮಾತುಗಾರನಿಗೇ ಪಾಠ ಹೇಳಿದರು ಎಂದು ಅಪೊಸ್ತಲರ ಕೃತ್ಯಗಳು 18:26ರಲ್ಲಿದೆ. ಮತ್ತೆ ರೋಮಾಪುರದವರ ಪತ್ರದ ಅದೇ 16ನೇ ಅಧ್ಯಾಯದ 7ನೇ ವಚನದಲ್ಲಿ ಅಪೊಸ್ತಲರಲ್ಲಿ ಹೆಸರಾದ ಯೂನ್ಯ. 4ನೇ ಶತಮಾನದ ಕೊನೆಗೆ ಜಾನ್ ಕ್ರಿಸೊಸ್ತೊಮ್ ಎಂಬ ಹೆಸರಾಂತ ಪ್ರಸಂಗಿ ಈ ವಚನದ ಮೇಲೆ ಪ್ರಸಂಗ ಮಾಡುತ್ತಾ, ಅಪೊಸ್ತಲಳು ಅನಿಸಿಕೊಳ್ಳುವಷ್ಟು ಈ ಹೆಣ್ಣಿನ ಜ್ಞಾನ ದೊಡ್ಡದಿತ್ತು ಎಂದು ಕೊಂಡಾಡಿದ. ಬಹಳ ಕಾಲದ ನಂತರ ಓದಿದವರು, ಹೆಣ್ಣು ಅಪೊಸ್ತಲಳಾಗಿರಲು ಸಾಧ್ಯವಿಲ್ಲ ಎಂದುಕೊಂಡು ಆ ಹೆಸರನ್ನು ಗಂಡಸಿನದ್ದು ಮಾಡಿದರು. ನಮಗೆ ಬೇಕಾದ್ದನ್ನು ಪತ್ರದೊಳಗೆ ತುಂಬುವುದು ಅಂದರೆ ಇದೇ.

ಹೆಂಗಸರು ಉಪದೇಶ ಮಾಡಬಾರದು ಅನ್ನುವ ಸಭೆಗಳು ಹೆಚ್ಚಾಗಿ ಆಧರಿಸುವುದು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 2:12ನ್ನು. ನಿಮ್ಮ ಗುಂಪಿನಲ್ಲೂ ಮುಂದೆ ಅದು ಬರುತ್ತದೆ. ಅದು ಹೆಚ್ಚು ನೇರವಾದ ಮಾತು, ಒಪ್ಪುತ್ತೇನೆ. ಅದನ್ನು ಆದಾಮ ಹವ್ವರ ಕಥೆಗೆ ಜೋಡಿಸಿರುವುದರಿಂದ, ಅದು ಒಂದು ಊರಿಗೆ ಸೀಮಿತವಲ್ಲ ಎಂದು ಗಂಭೀರವಾಗಿ ವಾದಿಸುವವರಿದ್ದಾರೆ. ಅವರ ವಾದವನ್ನು ತಳ್ಳಿಹಾಕುವ ಮೊದಲು ಪೂರ್ತಿ ಕೇಳಬೇಕು. ಆದರೆ ಆ ಪತ್ರವೂ ಒಂದು ತೊಂದರೆಯಿಂದ ಶುರುವಾಗುತ್ತದೆ. ಎಫೆಸದಲ್ಲಿ ತಪ್ಪು ಬೋಧನೆ ಹರಡುತ್ತಿದೆ, ಅದನ್ನು ತಡೆಯಲು ಅಲ್ಲೇ ಉಳಿ ಎಂದು 1:3 ಹೇಳುತ್ತದೆ. 5:13ರಲ್ಲಿ ಮನೆಯಿಂದ ಮನೆಗೆ ತಿರುಗುತ್ತಾ ಆಡಬಾರದ್ದನ್ನು ಆಡುವ ವಿಧವೆಯರ ಮಾತು ಬರುತ್ತದೆ. ಹೆಂಗಸರು ಕಲಿಯಲಿ ಎಂದು 2:11 ಹೇಳುತ್ತದೆ, ಅದನ್ನು ಮರೆಯಬಾರದು. ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಆ ಸಭೆಯ ಒಂದು ಬಿಕ್ಕಟ್ಟಿಗೆ ಹಾಕಿದ ತಡೆ ಎಂದೇ ನಾನು ಓದುತ್ತೇನೆ.

ಇಲ್ಲಿಗೇ ನಿಮ್ಮ ಇನ್ನೊಂದು ಪ್ರಶ್ನೆಯೂ ತಗುಲುತ್ತದೆ. ಹೊಸ ಒಡಂಬಡಿಕೆಯ 27 ಪುಸ್ತಕಗಳಲ್ಲಿ 21 ಪತ್ರಗಳು. 13ರಲ್ಲಿ ಪೌಲನ ಹೆಸರಿದೆ. ಅವುಗಳಲ್ಲಿ ಏಳರ ಬಗ್ಗೆ ಇವತ್ತು ಅನುಮಾನವೇ ಇಲ್ಲ ಅನ್ನಬಹುದು: ರೋಮಾಪುರ, ಕೊರಿಂಥದ ಎರಡು, ಗಲಾತ್ಯ, ಫಿಲಿಪ್ಪಿ, ಥೆಸಲೋನಿಕದ ಮೊದಲನೆಯದು, ಫಿಲೆಮೋನ. ಮಿಕ್ಕ ಆರರ ಬಗ್ಗೆ ಚರ್ಚೆ ಇದೆ. ತಿಮೊಥೆಯನಿಗೂ ತೀತನಿಗೂ ಬರೆದ ಮೂರು ಪತ್ರಗಳು ಪೌಲನ ನಂತರ ಅವನ ಶಿಷ್ಯರ ಬಳಗದಲ್ಲಿ ಹುಟ್ಟಿದವು ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಭಾಷೆ ಬೇರೆ, ಸಭೆಯ ವ್ಯವಸ್ಥೆ ಹೆಚ್ಚು ಬೆಳೆದಿದೆ ಎಂಬುದು ಅವರ ಕಾರಣ. ಪೌಲನೇ ಬರೆದ ಅನ್ನುವವರೂ ಇದ್ದಾರೆ. ಬೇರೆ ಬೇರೆ ಲಿಪಿಕಾರರನ್ನು ಬಳಸಿದರೆ ಭಾಷೆ ಬದಲಾಗುವುದು ಸಹಜ ಎಂದು ಅವರು ಹೇಳುತ್ತಾರೆ. ಲಿಪಿಕಾರರು ಇದ್ದದ್ದಂತೂ ನಿಜ. ರೋಮಾಪುರದವರ ಪತ್ರದಲ್ಲಿ "ಈ ಪತ್ರ ಬರೆದ ತೆರ್ತ್ಯನೆಂಬ ನಾನು" ಎಂದು ಅವನೇ ನಡುವೆ ಬಂದು ವಂದನೆ ಹೇಳುತ್ತಾನೆ. ಗಲಾತ್ಯದವರ ಪತ್ರದ ಕೊನೆಗೆ ಪೌಲ ತಾನೇ ಲೇಖನಿ ಹಿಡಿದು, ಎಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ ನೋಡಿ ಅನ್ನುತ್ತಾನೆ. ಯಾರು ಬರೆದರು ಎಂಬುದು ಒಳ್ಳೆಯ ಪ್ರಶ್ನೆ. ಆದರೆ "ಪೌಲ ಬರೆದಿಲ್ಲ, ಆದ್ದರಿಂದ ನನಗೆ ಬೇಡ" ಎಂಬ ದಾರಿಗೆ ಇಳಿಯಬೇಡಿ ಎಂದು ನನ್ನ ಸಲಹೆ. ಇಬ್ರಿಯರಿಗೆ ಬರೆದ ಪತ್ರಕ್ಕೆ ಬರೆದವರ ಹೆಸರೇ ಇಲ್ಲ. ಆದರೂ ಅದು ಸಭೆಗಳನ್ನು ಪೋಷಿಸಿದೆ.

ಒಂದು ಸಾಲನ್ನು ಕಿತ್ತು ಹಿಡಿಯುವುದರಿಂದ ಎಂಥ ಅನಾಹುತ ಆಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿ ಇದೆ. ದಾಸರೇ, ಯಜಮಾನರಿಗೆ ವಿಧೇಯರಾಗಿರಿ ಎಂಬ ಎಫೆಸ, ಕೊಲೊಸ್ಸೆ ಪತ್ರಗಳ ಮಾತನ್ನು ಅಮೆರಿಕದ ಗುಲಾಮರ ಒಡೆಯರು ಪ್ರಸಂಗಗಳಲ್ಲಿ ಮತ್ತೆ ಮತ್ತೆ ಹೇಳಿಸಿದರು. ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ 1850ರ ಕಾನೂನಿನ ಪರ ಇದ್ದವರು ಫಿಲೆಮೋನನ ಪತ್ರವನ್ನು ಎತ್ತಿ ತೋರಿಸಿದರು. ಪೌಲನೂ ಒನೇಸಿಮ ಎಂಬ ದಾಸನನ್ನು ಅವನ ಯಜಮಾನ ಫಿಲೆಮೋನನ ಬಳಿಗೆ ವಾಪಸು ಕಳಿಸಲಿಲ್ಲವೇ ಎಂದು. ಅದೇ ಪತ್ರದ 16ನೇ ವಚನ, ಅವನನ್ನು ಇನ್ನು ದಾಸನಂತಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೋ ಎಂದು ಹೇಳುತ್ತದೆ. ಅದನ್ನು ಓದದೆ ಬಿಟ್ಟರು. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಸರ್ಕಾರದ ಪರವಾಗಿ, ಮೇಲಧಿಕಾರಿಗಳಿಗೆ ಅಧೀನರಾಗಿರಿ ಎಂಬ ರೋಮಾಪುರ 13:1ನ್ನು ಬಳಸಿದರು. 1985ರಲ್ಲಿ ಅಲ್ಲಿನ ದೇವಶಾಸ್ತ್ರಜ್ಞರು ಹೊರಡಿಸಿದ ಕೈರೋಸ್ ದಾಖಲೆ ಇದನ್ನು ನೇರವಾಗಿ ಎದುರಿಸಿತು. ಪೌಲ ಆ ಮಾತನ್ನು ಯಾರಿಗೆ, ಯಾವ ಸ್ಥಿತಿಯಲ್ಲಿ ಬರೆದ ಎಂದು ನೋಡದೆ ಯಾವ ಸರ್ಕಾರಕ್ಕೂ ಮುದ್ರೆ ಒತ್ತಲು ಆಗದು ಎಂದಿತು.

ಹಾಗಂತ ನಿಮ್ಮ ಮಗಳ ದಾರಿಯೂ ಸುರಕ್ಷಿತ ಅಲ್ಲ. ಹಳೆಯ ಕಾಗದ ಎಂದು ಬದಿಗಿಟ್ಟರೆ, ಗುಲಾಮಗಿರಿಯ ವಿರುದ್ಧ ಹೋರಾಡಿದವರು ಎತ್ತಿ ಹಿಡಿದ ಗಲಾತ್ಯ 3:28 ಕೂಡ ಬದಿಗೆ ಹೋಗುತ್ತದೆ. ಯೆಹೂದ್ಯ, ಗ್ರೀಕ, ದಾಸ, ಸ್ವತಂತ್ರ, ಗಂಡು, ಹೆಣ್ಣು ಎಂಬ ಭೇದವಿಲ್ಲ ಎಂದದ್ದು ಅದೇ ಪೌಲ. ಚಿನ್ನದುಂಗುರದವನಿಗೆ ಒಳ್ಳೆಯ ಆಸನ ಕೊಟ್ಟು ಬಡವನನ್ನು ನಿಲ್ಲಿಸಿದವರನ್ನು ಯಾಕೋಬನ ಪತ್ರ ಗದರುವ ಪರಿಯೂ ಹೋಗುತ್ತದೆ. ಅದು ಬಿಟ್ಟುಕೊಡುವ ಮಾತಲ್ಲ.

ಒಳಗಿನ ತತ್ವವನ್ನು ಮಾತ್ರ ತೆಗೆದುಕೊಳ್ಳೋಣ, ಹೊರಗಿನದ್ದು ಆ ಕಾಲಕ್ಕಿರಲಿ ಅನ್ನುವವರೂ ಇದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ಆ ತತ್ವ ಯಾವಾಗಲೂ ನಾವು ಮೊದಲೇ ಒಪ್ಪಿದ್ದೇ ಆಗಿರುತ್ತದೆ! ಇಷ್ಟವಾದ ವಚನಗಳನ್ನು ಓದುವಾಗಲೂ ಇದನ್ನೇ ಮಾಡುತ್ತೇವೆ. "ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ" ಎಂಬ ಫಿಲಿಪ್ಪಿ 4:13 ಗೆಲುವಿನ ಘೋಷಣೆಯಾಗಿದೆ. ಹಿಂದಿನ ಎರಡು ವಚನ ಓದಿ. ಸೆರೆಯಲ್ಲಿರುವ ಒಬ್ಬ ಮನುಷ್ಯ, ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಇರುವುದರಲ್ಲೇ ತೃಪ್ತನಾಗಿರಲು ಕಲಿತಿದ್ದೇನೆ ಎಂದು ಹೇಳುತ್ತಿದ್ದಾನೆ. ಅದು ಸೋಲನ್ನೂ ತಡೆದುಕೊಳ್ಳುವ ಶಕ್ತಿ. ಆದ್ದರಿಂದ ಯಾವ ವಚನಕ್ಕೇ ಆಗಲಿ, ಇದು ನನಗೆ ಅನುಕೂಲವಾಗಿ ಕೇಳುತ್ತಿದೆಯೇ ಎಂದು ಒಮ್ಮೆ ಅನುಮಾನಿಸಿ.

ಗೆರೆ ಯಾರು ಎಳೆಯೋದು ಎಂದಿರಿ. ಒಬ್ಬರೇ ಎಳೆಯುವುದಲ್ಲ, ಆ ಹಿರಿಯರೂ ಅಲ್ಲ, ನಾನೂ ಅಲ್ಲ. ಪ್ರವಾದನೆಯನ್ನೇ ಮಿಕ್ಕವರು ತೂಗಿನೋಡಲಿ ಎಂದ ಪೌಲ ಆ ಕೆಲಸವನ್ನು ಸಭೆಗೆ ಕೊಟ್ಟಿದ್ದಾನೆ. ಪೇತ್ರನ ಎರಡನೆಯ ಪತ್ರ 3:16 ಇನ್ನೂ ಬಿಚ್ಚಿ ಹೇಳುತ್ತದೆ. ಪೌಲನ ಪತ್ರಗಳಲ್ಲಿ ತಿಳಿಯಲು ಕಷ್ಟವಾದ ಮಾತುಗಳಿವೆ, ಕೆಲವರು ಅವನ್ನು ತಿರುಚುತ್ತಾರೆ ಎಂದು. ಅಷ್ಟು ಹಿಂದೆಯೇ!

ಇನ್ನು ನೀವು ಏನು ಮಾಡಬಹುದು. ಸುಮ್ಮನೇ ಇದ್ದುಬಿಡಬಹುದು. ಜಗಳ ತಪ್ಪುತ್ತದೆ. ಆದರೆ ನಿಮ್ಮ ಬರಹ ಓದಿದರೆ ಆ ಮೌನ ನಿಮ್ಮನ್ನು ಒಳಗೊಳಗೇ ತಿನ್ನುತ್ತಿದೆ. ಗುಂಪಿನಲ್ಲಿರುವ ಬೇರೆ ಹೆಂಗಸರೂ ಅದರಿಂದ ಒಂದು ಪಾಠ ಕಲಿಯುತ್ತಾರೆ. ಗುಂಪು ಬಿಡಬಹುದು. ಕೆಲವೊಮ್ಮೆ ಅದೇ ಸರಿಯಾದ ದಾರಿ, ಅವಮಾನ ಮುಂದುವರಿದರೆ ಖಂಡಿತ. ಆದರೆ ಮೊದಲ ಹೆಜ್ಜೆಯಾಗಿ ಅದು ಬೇಡ. ಎಲ್ಲರೆದುರು ಆ ಹಿರಿಯರಿಗೆ 11:5 ತೋರಿಸಿ ಬಾಯಿ ಕಟ್ಟಿಸಲೂಬಹುದು. ಹಾಗೆ ಗೆದ್ದವರನ್ನು ನೋಡಿದ್ದೇನೆ. ಎದುರಿನವರು ಮುಂದಿನ ವಾರ 1 ತಿಮೊಥೆಯ 2:12 ಹಿಡಿದು ಬರುತ್ತಾರೆ, ಅಷ್ಟೆ. ಆಮೇಲೆ ಇಬ್ಬರೂ ಪತ್ರ ಓದುವುದನ್ನೇ ಬಿಡುತ್ತಾರೆ.

ನಾನಾಗಿದ್ದರೆ ಮೊದಲು ಅವರ ಜೊತೆ ಒಬ್ಬಳೇ ಮಾತಾಡುತ್ತಿದ್ದೆ. "ನೀವು ತೋರಿಸಿದ ವಚನ ನನಗೆ ನೋವು ತಂದಿತು. ಆದರೆ ಅದನ್ನು ಬಿಟ್ಟುಹಾಕಲೂ ಇಷ್ಟವಿಲ್ಲ. ಇಡೀ ಪತ್ರವನ್ನು ಎಲ್ಲರೂ ಕೂಡಿ ಓದೋಣವೇ" ಎಂದು ಕೇಳಿ. ಗಟ್ಟಿಯಾಗಿ ಓದಿದರೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಮೊದಲ ಸಲ ಯಾರೂ ವಿವರಿಸಬಾರದು ಎಂದು ಒಪ್ಪಂದ ಮಾಡಿಕೊಳ್ಳಿ, ಗಂಡಸರಿಗೂ ಅದೇ ನಿಯಮ. ಕೊರಿಂಥದವರು ಏನು ಕೇಳಿರಬಹುದು ಎಂಬ ಪ್ರಶ್ನೆಗಳನ್ನು ಮಾತ್ರ ಬರೆದುಕೊಳ್ಳುತ್ತಾ ಹೋಗಿ. ಎರಡನೇ ಸಲ ಕೂತಾಗ ಆ ಪ್ರಶ್ನೆಗಳಿಂದ ಶುರುಮಾಡಿ. ಅವರು ಒಪ್ಪಲಿಲ್ಲ ಎಂದರೆ ಸಭಾಪಾಲಕರ ಬಳಿ ಹೋಗಿ ನಿಮ್ಮ ಸಭೆಯ ನಿಲುವು ಏನು, ಯಾವ ಆಧಾರದ ಮೇಲೆ ಎಂದು ಬಾಯಿಬಿಟ್ಟು ಕೇಳಿ. ಬೇರೆ ಬೇರೆ ಸಭೆಗಳು ಇದರಲ್ಲಿ ಬೇರೆ ಬೇರೆ ತೀರ್ಮಾನಕ್ಕೆ ಬಂದಿವೆ. ನಿಮ್ಮದು ಯಾವುದು ಎಂದು ತಿಳಿಯುವ ಹಕ್ಕು ನಿಮಗಿದೆ. ಉತ್ತರ ಸಿಕ್ಕ ಮೇಲೆ ಅಲ್ಲಿ ಉಳಿಯುವುದೋ ಬೇಡವೋ ಎಂದು ಯೋಚಿಸಲು ನಿಮಗೆ ಒಂದು ನೆಲೆ ಇರುತ್ತದೆ.

ಮಗಳಿಗೆ ಫಿಲೆಮೋನನ ಪತ್ರ ಕೊಡಿ. 25 ವಚನ, ಕೆಲವೇ ನಿಮಿಷದ ಓದು. ಒನೇಸಿಮ ನಿನಗೆ ಏನಾದರೂ ಸಾಲ ಕೊಡಬೇಕಿದ್ದರೆ ನನ್ನ ಲೆಕ್ಕಕ್ಕೆ ಬರಕೋ, ನಾನೇ ತೀರಿಸುತ್ತೇನೆ ಎಂದು ಪೌಲ ಸ್ವಂತ ಕೈಯಿಂದ ಬರೆದುಕೊಡುತ್ತಾನೆ. ಆಮೇಲೆ, ನನಗೊಂದು ತಂಗುವ ಜಾಗ ಸಿದ್ಧಮಾಡಿಡು ಅನ್ನುತ್ತಾನೆ. ಅಂದರೆ ನಾನೇ ಬಂದು ನೋಡುತ್ತೇನೆ ಎಂದು. ಆ ಪತ್ರ ಓದಿದ ಫಿಲೆಮೋನ ಏನು ಮಾಡಿರಬಹುದು ಎಂದು ಅವಳನ್ನೇ ಕೇಳಿ. ಇಬ್ಬರೂ ಕೂತು ಮಾತಾಡಲು ಅಷ್ಟು ಸಾಕು.